ಕೊಬ್ಬರಿ ಎಣ್ಣೆಯ ಜೀಪೂ ಬಂಟ್ವಾಳದ ಹಾಜಬ್ಬನೂ

ಬಂಟ್ವಾಳ ಪೇಟೆಯ ನಟ್ಟನಡುವೆ, ಮಟಮಟ ಮಧ್ಯಾಹ್ನ, ನಾನು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ. ಜೀಪು ಎಡಕ್ಕೆ ಹೋಯಿತು. ಎಡಗಡೆ ಒಣಮೀನಿನ ಬುಟ್ಟಿಗಳಿದ್ದವು.

ಒಂದು ಬುಟ್ಟಿ ಮಗುಚಿತು, ಇನ್ನೊಂದು ಬಂಪರಿನ ಮೇಲೆ ಹತ್ತಿ ಕುಳಿತಿತು. ಮಾರುವ ಹೆಂಗಸು ಪುಣ್ಯಕ್ಕೆ ಆಚೆ ಹಾರಿಕೊಂಡಿದ್ದಳು. ಸೊಂಟಕ್ಕೆ ಕೈ ಕೊಟ್ಟು ನನ್ನನ್ನು ಚೆನ್ನಾಗಿ ನೋಡಿ ಕೇಳಿದಳು: "ಎಂತ ಬಲ್ಲಾಳ್ರೆ, ಬಂಗುಡೆ ಬೇಕಾದರೆ ಇಳಿದು ಕೇಳಬಾರದಾ?"

ಪೇಟೆಯೇ ನಕ್ಕಿತು. ನಗುವುದಕ್ಕೆ ಕಾರಣವೂ ಇತ್ತು. ನಾವು ಜೈನರು, ಮೀನಿನ ಅಂಗಡಿಯ ಗಾಳಿ ಬೀಸಿದರೆ ದಾರಿ ಬದಲಿಸುವವರು. ಹಿಂದಿನ ಸೀಟಿನಲ್ಲಿ ಕುಳಿತಿದ್ದವರು ನನ್ನ ತಾಯಿಯ ಅಕ್ಕ, ಎಪ್ಪತ್ತೊಂದು ವರ್ಷದ ಅನಂತಮತಿ ದೊಡ್ಡಮ್ಮ. ಫಾಲ್ಗುಣದ ಅಷ್ಟಾಹ್ನಿಕ ಪರ್ವಕ್ಕೆ ಎಂಟು ದಿನ ಉಪವಾಸ ಮಾಡಿ, ದಿನಕ್ಕೊಂದು ಲೋಟ ಕುದಿಸಿದ ನೀರಿನಲ್ಲಿ ಜೀವ ಹಿಡಿದುಕೊಂಡು, ಕೊನೆಯ ದಿನ ಆ ನೀರನ್ನೂ ಬಿಟ್ಟಿದ್ದರು. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ದರ್ಶನವಾದ ಮೇಲೆಯೇ ಪಾರಣೆ ಎಂದು ಹರಕೆ ಹೇಳಿಕೊಂಡಿದ್ದರು. ನನ್ನ ಹೆಂಡತಿ ವಿಮಲಾ ಅವರನ್ನು ಭುಜಕ್ಕೆ ಒರಗಿಸಿಕೊಂಡಿದ್ದಳು. ಬುಟ್ಟಿ ಮಗುಚಿದ ಕೂಡಲೇ ಆಕೆ ಒಂದು ಕೈಯಿಂದ ದೊಡ್ಡಮ್ಮನ ಮೂಗು ಮುಚ್ಚಿ, ಎರಡು ಕಣ್ಣಿನಿಂದ ನನ್ನನ್ನು ಸುಟ್ಟಳು.

"ನಾನು ಬೆಳಗ್ಗೆಯೇ ಹೇಳಿದ್ದೆ," ಎಂದಳು. ಹೇಳಿದ್ದು ಹೌದು. ಬೆಳ್ತಂಗಡಿಯ ಆಚೆಯ ನಮ್ಮ ಮನೆಯಿಂದ ವೇಣೂರಿನ ಮೇಲೆ ಹೋದರೆ ಮೂಡಬಿದಿರೆ ಹತ್ತಿರ. ಆ ದಾರಿಯ ಗುಂಡಿಗಳಿಗೆ ದೊಡ್ಡಮ್ಮನ ಎಲುಬು ತಡೆಯಲಿಕ್ಕಿಲ್ಲವೆಂದು ನಾನೇ ಬುದ್ಧಿ ಓಡಿಸಿ ಬಂಟ್ವಾಳದ ಸುತ್ತುದಾರಿ ಹಿಡಿದಿದ್ದೆ.

ಇದು ೧೯೬೦ರ ಮಾರ್ಚ್ ತಿಂಗಳ ಮಾತು. ಎಂಟು ವರ್ಷವಾಯಿತು. ಆದರೂ ಬಂಟ್ವಾಳದಲ್ಲಿ ನನ್ನ ಹೆಸರು ಹೇಳಿದರೆ ಬಂಗುಡೆ ಬಲ್ಲಾಳರಾ ಎಂದು ಕೇಳುವವರು ಇದ್ದಾರೆ. ಅದಿರಲಿ. ನಾನು ಬರೆಯಲು ಕುಳಿತದ್ದು ಹಾಜಬ್ಬನ ವಿಷಯ.

ನಾಲ್ಕು ಮಂದಿ ಸೇರಿ ಜೀಪಿನ ಮೂತಿಯನ್ನು ಎತ್ತಿ, ದೇವರ ಪಲ್ಲಕ್ಕಿಯ ಹಾಗೆ ಹೊತ್ತುಕೊಂಡು, ನದೀಬದಿಯ ಹಾಜಬ್ಬನ ಗ್ಯಾರೇಜಿಗೆ ತಂದರು. ಗ್ಯಾರೇಜು ಎಂದರೆ ನಾಲ್ಕು ಕಂಬ, ಒಂದು ಮುಳಿಹುಲ್ಲಿನ ಮಾಡು, ಹಿಂದೆ ಒಂದು ಸತ್ತ ಜೀಪು. ಮಳೆಗಾಲದಲ್ಲಿ ನೇತ್ರಾವತಿ ಒಳಗೇ ಬರುವುದರಿಂದ ಜೂನ್ ಬಂದರೆ ಹಾಜಬ್ಬ ಸಾಮಾನುಗಳನ್ನೆಲ್ಲ ಮಾಡಿನ ಅಡ್ಡತೊಲೆಗೆ ಕಟ್ಟುತ್ತಿದ್ದ. ಅಕ್ಟೋಬರಿನಲ್ಲಿ ಬಿಚ್ಚುತ್ತಿದ್ದ. ಅವನ ಕ್ಯಾಲೆಂಡರು ಅಷ್ಟೇ.

ಅವನ ತಂದೆ ಬಂಟ್ವಾಳದಿಂದ ಮಂಗಳೂರಿಗೆ ಸರಕಿನ ದೋಣಿ ನಡೆಸುತ್ತಿದ್ದವರು. ಲಾರಿಗಳು ಬಂದು ದೋಣಿಯ ಅನ್ನ ಕಿತ್ತುಕೊಂಡವು. ಮಗ ಲಾರಿಯ ಅಡಿಗೇ ನುಗ್ಗಿದ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಸಹಾಯಕನಾಗಿ ಅಸ್ಸಾಮಿನವರೆಗೆ ಹೋಗಿ, ಒಂದು ಸೆಟ್ ಸ್ಪಾನರು ಮತ್ತು ಕಡಿಮೆ ಮಾತನಾಡುವ ಅಭ್ಯಾಸ, ಈ ಎರಡನ್ನು ತಂದಿದ್ದ. ಐವತ್ತರ ಹತ್ತಿರದ ಒಣಕಲು ಆಳು; ತಲೆಗೆ ಬಿಳಿ ಟೊಪ್ಪಿ, ಮಡಿಸಿ ಕಟ್ಟಿದ ಲುಂಗಿ. ಯಾವಾಗ ಆಗುತ್ತದೆ ಎಂದು ಕೇಳಿದವರಿಗೆ ಅವನು ಕೊಡುತ್ತಿದ್ದದ್ದು ಒಂದೇ ಉತ್ತರ: "ನೋಡುವ."

ಅಂದು ಅವನು ಮೊದಲು ನೋಡಿದ್ದು ಜೀಪನ್ನಲ್ಲ, ದೊಡ್ಡಮ್ಮನನ್ನು. ಏನೂ ಕೇಳದೆ ಜೀಪಿನ ಹಿಂದಿನ ಸೀಟನ್ನೇ ಬಿಚ್ಚಿ ತೆಗೆದು, ಹಲಸಿನ ಮರದ ನೆರಳಿನಲ್ಲಿ ಹಾಕಿ, ಅವರನ್ನು ಒರಗಿಸಲು ವಿಮಲಾಳಿಗೆ ಹೇಳಿದ. ಆಮೇಲೆ ಜೀಪಿನ ಅಡಿಗೆ ಹೋದ. ಲುಂಗಿಯ ಅಂಚು ಮತ್ತು ಎರಡು ಪಾದ ಮಾತ್ರ ಹೊರಗೆ ಉಳಿದವು. ಟಕ್, ಟಕ್ ಎಂದು ಎಲ್ಲೆಲ್ಲೋ ಬಡಿದ ಸದ್ದು. ಸ್ವಲ್ಪ ಹೊತ್ತಿಗೆ ಕೈಯೊಂದು ಹೊರಗೆ ಬಂತು. ಬೆರಳ ತುದಿಯಲ್ಲಿ ಏನೋ ಕಪ್ಪು ಅಂಟು. ಕೈ ಒಳಗೆ ಹೋಯಿತು, ಮೂಸಿದ ಸದ್ದು ಕೇಳಿತು.

"ಬಲ್ಲಾಳ್ರೆ, ಸ್ಟೇರಿಂಗಿನ ಸಂದಿಗೆ ಹಾಕಿದ್ದು ಇದು ಯಾವ ಎಣ್ಣೆ?"

"ಕೊಬ್ಬರಿ ಎಣ್ಣೆ," ಎಂದೆ.

ಪಕ್ಕದಲ್ಲಿ ಚಾದಂಗಡಿ ಇಟ್ಟಿದ್ದ ರುಕ್ಮಯ್ಯ ಕುಂಟುತ್ತ ಬಂದು ಬಗ್ಗಿ ನೋಡಿದ.

ನಾನು ವಿವರಿಸಬೇಕಾಯಿತು. ಗ್ರೀಸಿನಲ್ಲಿ ದನದ ಕೊಬ್ಬು ಸೇರಿಸುತ್ತಾರೆಂದು ಯಾರೋ ಹೇಳಿದ್ದರು. ಬಸದಿಗೆ ಹೋಗಿಬರುವ ಗಾಡಿಗೆ ಕೊಬ್ಬು ಸವರುವುದು ಹೇಗೆ? ಹಾಗಾಗಿ ಐದು ವರ್ಷದಿಂದ ಪ್ರತಿ ಭಾನುವಾರ ನಾನೇ ಕೈಯಾರೆ, ಶುದ್ಧ ಗಾಣದ ಎಣ್ಣೆಯಲ್ಲಿ ಹತ್ತಿಯನ್ನು ಅದ್ದಿ ಜೀಪಿನ ಕೀಲುಕೀಲಿಗೂ ಹಚ್ಚುತ್ತಿದ್ದೆ. ಅಹಿಂಸೆಯ ಆ ಕೆಲಸದಲ್ಲಿ ನನಗೆ ಹೆಮ್ಮೆಯೂ ಇತ್ತು.

"ಅದಕ್ಕೇ," ಎಂದ ರುಕ್ಮಯ್ಯ. "ಚಕ್ರಕ್ಕೆ ಕೂದಲು ಬಂದಿಲ್ಲವಾ ನೋಡು ಹಾಜಬ್ಬ."

ಹಾಜಬ್ಬ ಹೊರಗೆ ಬಂದು ನನ್ನ ಕೈಗೆ ಸಾಮಾನುಗಳನ್ನು ಒಂದೊಂದಾಗಿ ಕೊಟ್ಟ. ಅದು ಅವನ ಕ್ರಮ. ಬಿಚ್ಚಿದ್ದನ್ನು ಮಾಲಿಕನ ಕೈಯಲ್ಲೇ ಇಡುವುದು. ಎರಡು ಚಕ್ರಗಳನ್ನು ಹಿಡಿದಿರುವ ಟೈರಾಡ್ ಎಂಬ ಸರಳುಗಳ ತಲೆಗಳು: ಒಂದು ಗೂಡಿನಿಂದಲೇ ಕಳಚಿಬಿದ್ದಿತ್ತು, ಇನ್ನೊಂದು ಬೀಳಲಿರುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಮುಂದಿನ ಸ್ಪ್ರಿಂಗನ್ನು ಚೌಕಟ್ಟಿಗೆ ಹಿಡಿದಿರುವ ಕೊಂಡಿ: ಸವೆದು ಬಳೆಯಷ್ಟು ತೆಳ್ಳಗೆ. ಕೊನೆಗೆ, ಸ್ಟೇರಿಂಗಿನ ಮಾತನ್ನು ಎರಡೂ ಚಕ್ರಗಳಿಗೆ ಮುಟ್ಟಿಸುವ ನಡುಕೀಲಿನ ಬುಶ್ಶು, ಎಂದರೆ ಕೀಲನ್ನು ಸುತ್ತಿರುವ ಉಂಗುರ. ಅದು ಬುಶ್ಶಾಗಿ ಉಳಿದಿರಲಿಲ್ಲ, ಮೂರು ಚೂರು.

"ಇಷ್ಟು ದಿನ ಹೇಗೆ ಓಡಿಸಿದಿರಿ?" ಎಂದು ಕೇಳಿದ. ಮೆಚ್ಚಿಕೆಯಲ್ಲ ಅದು.

ಹೊಸ ಟೈರಾಡ್ ತಲೆ ಅವನಲ್ಲಿ ಒಂದೇ ಇತ್ತು; ಅದು ಎಡಕ್ಕೆ. ಬಲಕ್ಕೆ ಸತ್ತ ಜೀಪಿನದು. ಕೊಂಡಿಯೂ ಅಲ್ಲೇ ಸಿಕ್ಕಿತು. ನಡುಕೀಲಿನ ಬುಶ್ಶು ಮಾತ್ರ ಎಲ್ಲೂ ಇಲ್ಲ, ಹಿತ್ತಾಳೆಯಲ್ಲಿ ಕಡೆಯಿಸಬೇಕು. ಕಡೆಯುವ ಲೇತು ಇರುವುದು ಪಾಣೆಮಂಗಳೂರಿನಲ್ಲಿ, ಸೇತುವೆಯ ಆಚೆ, ಅಬ್ದುಲ್ ಶುಕೂರನ ಶೆಡ್ಡಿನಲ್ಲಿ.

ಅಷ್ಟರಲ್ಲಿ ವಿಮಲಾ ಪೇಟೆಯ ಡಾಕ್ಟರನ್ನು ಕರೆಸಿದ್ದಳು. ಅವರು ನಾಡಿ ಹಿಡಿದು, ನನ್ನನ್ನು ಪಕ್ಕಕ್ಕೆ ಕರೆದರು. "ಇವರು ಸಂಜೆಯ ಒಳಗೆ ನೀರು ಕುಡಿಯಬೇಕು. ನೀರಿಲ್ಲದೆ ಇನ್ನೊಂದು ರಾತ್ರಿ ಕಳೆದರೆ ಬೆಳಿಗ್ಗೆ ನನ್ನನ್ನು ಕರೆಯುವುದು ಬೇಡ."

ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಶಾಸ್ತ್ರದ ಪ್ರಕಾರ ಎರಡು ಗಳಿಗೆ ಮೊದಲೇ ಮುಗಿಯಬೇಕು. ಮುದುಕಿಯ ಸ್ಥಿತಿ ಕಂಡು ನಮ್ಮ ಮನೆಬಸದಿಯ ಪುರೋಹಿತರಾದ ಇಂದ್ರರು ಬೆಳಿಗ್ಗೆಯೇ, ಸೂರ್ಯ ಕಣ್ಣಿಗೆ ಕಾಣುವಷ್ಟು ಹೊತ್ತು ಎಂದು ಸಡಿಲ ಮಾಡಿದ್ದರು. ಎಂದರೆ ಆರೂವರೆ. ಅಷ್ಟರೊಳಗೆ ಹದಿನೇಳು ಮೈಲಿ ಆಚೆಯ ಮೂಡಬಿದಿರೆ ಮುಟ್ಟದಿದ್ದರೆ ದೊಡ್ಡಮ್ಮನಿಗೆ ಆ ಇನ್ನೊಂದು ರಾತ್ರಿ ಖಂಡಿತ.

ದೊಡ್ಡಮ್ಮನ ಕಾಲ ಬಳಿ ಕುಳಿತು ಕೇಳಿಕೊಂಡೆ. "ಇಲ್ಲೇ ಬಂಟ್ವಾಳದಲ್ಲಿ ಬಸದಿ ಉಂಟು ದೊಡ್ಡಮ್ಮ. ಇಲ್ಲೇ ದರ್ಶನ ಮಾಡಿ ಒಂದು ಗುಟುಕು..."

"ನಾನು ಹೇಳಿಕೊಂಡದ್ದು ಮೂಡಬಿದಿರೆಗೆ," ಎಂದರು, ಕಣ್ಣು ತೆರೆಯದೆ. "ನಿನ್ನ ಜೀಪಿಗೆ ಅಲ್ಲ."

ಮಧ್ಯಾಹ್ನದ ಬಸ್ಸು ಹೋಗಿಯಾಗಿತ್ತು, ಮುಂದಿನದು ಆರಕ್ಕೆ. ಪೇಟೆಯ ಎರಡೂ ಬಾಡಿಗೆ ಕಾರುಗಳು ಮಂಗಳೂರಿಗೆ ಮದುವೆ ದಿಬ್ಬಣ ಹೊತ್ತುಕೊಂಡು ಹೋಗಿದ್ದವು. ಹೀಗಾಗಿ ನಾನು ಹಾಜಬ್ಬನ ಸೈಕಲ್ಲು ಹತ್ತಿದೆ. ಸೈಕಲ್ಲಿಗೂ ನನಗೂ ಕಾಲೇಜಿನ ದಿನಗಳಿಂದ ಮಾತಿರಲಿಲ್ಲ. ಜರಿಪಂಚೆಯ ಒಂದು ಅಂಚು ಚೈನಿಗೆ ಸಿಕ್ಕಿ ಅಲ್ಲೇ ಹರಿಯಿತು. ಉಳಿದದ್ದನ್ನು ಕಚ್ಚೆ ಹಾಕಿಕೊಂಡು, ಒಂದು ಕೈಯಲ್ಲಿ ಹಿತ್ತಾಳೆಯ ತುಂಡು ಹಿಡಿದುಕೊಂಡು ಸೇತುವೆ ದಾಟಿದೆ.

ಶುಕೂರ್ ನಮಾಜಿಗೆ ಹೋಗಿದ್ದ. ಬಂದ ಮೇಲೆ ಲೇತಿನ ಎಂಜಿನು ಹಿಡಿಯಲಿಲ್ಲ. ಅವನು ಹ್ಯಾಂಡಲು ತಿರುಗಿಸಿದ, ನಾನು ತಿರುಗಿಸಿದೆ, ದಾರಿಯಲ್ಲಿ ಹೋಗುವ ಒಬ್ಬ ಪೋಸ್ಟ್‌ಮ್ಯಾನ್ ತಿರುಗಿಸಿದ. ಕೊನೆಗೆ ಹಿಡಿಯಿತು. ಹಿತ್ತಾಳೆಯ ಸಿಪ್ಪೆ ಸುರುಳಿಸುರುಳಿಯಾಗಿ ಬೀಳುವುದನ್ನು ಅಂದು ನೋಡಿದಷ್ಟು ಶ್ರದ್ಧೆಯಿಂದ ನಾನು ಯಾವ ಪೂಜೆಯನ್ನೂ ನೋಡಿಲ್ಲ. ಬುಶ್ಶು ಹಿಡಿದು ಗ್ಯಾರೇಜಿಗೆ ಮರಳಿದಾಗ ಮೂರು ಗಂಟೆ ದಾಟಿತ್ತು.

ಹಾಜಬ್ಬ ಬುಶ್ಶನ್ನು ಕೀಲಿಗೆ ಹಾಕಿ ನೋಡಿದ. ಬಿಗಿ. ತೆಗೆದ. ಅರ್ಧಚಂದ್ರದ ಹಾಗಿರುವ ಒಂದು ಉಳಿ ತೆಗೆದುಕೊಂಡು ಒಳಗಿನಿಂದ ಕೆರೆಯತೊಡಗಿದ. ನಾಲ್ಕು ಸಲ ಕೆರೆಯುವುದು, ಒರೆಸುವುದು, ಹಾಕಿ ನೋಡುವುದು, ತೆಗೆಯುವುದು. ಮತ್ತೆ ನಾಲ್ಕು ಸಲ. ಹಲಸಿನ ಮರದ ನೆರಳು ದೊಡ್ಡಮ್ಮನ ಪಾದ ಬಿಟ್ಟು ಆಚೆ ಸರಿಯಿತು. ಸೀಟನ್ನು ಎರಡು ಸಲ ಎಳೆದು ನೆರಳಿಗೆ ಹಾಕಿದೆವು.

"ಆಗ್ತದಾ ಹಾಜಬ್ಬ?"

"ನೋಡುವ."

"ಪೆಟ್ಟು ಕೊಟ್ಟು ಒಳಗೆ ಕೂರಿಸು ಮಾರಾಯ. ಹದಿನೇಳು ಮೈಲಿ ಅಲ್ವಾ, ಹೋದರೆ ಸಾಕು. ಇಲ್ಲದಿದ್ದರೆ ಹಳೆಯದನ್ನೇ ತಂತಿ ಬಿಗಿದು ಕಟ್ಟು. ನಿಧಾನ ಬಿಡ್ತೇನೆ."

ಅವನು ಕೆರೆಯುವುದನ್ನು ನಿಲ್ಲಿಸಿದ. ನನ್ನನ್ನು ನೋಡಲಿಲ್ಲ. ಚಾದಂಗಡಿಯ ಕಡೆ ನೋಡಿ, ಮತ್ತೆ ಕೆರೆಯತೊಡಗಿದ.

ರುಕ್ಮಯ್ಯ ನನ್ನ ಹತ್ತಿರ ಬಂದು ತನ್ನ ಬಲಗಾಲಿನ ಪಂಚೆ ಮೊಣಕಾಲಿನವರೆಗೆ ಎತ್ತಿದ. ಕಾಲು ನಡುವೆ ಬಾಗಿ, ಬೇರೆ ಯಾರದೋ ಕಾಲನ್ನು ತಂದು ಜೋಡಿಸಿದ ಹಾಗಿತ್ತು.

"ಚಾರ್ಮಾಡಿ. ಐವತ್ತಮೂರನೇ ಇಸವಿ," ಎಂದ. "ನಾನು ಮರ ಸಾಗಿಸುವ ಲಾರಿ ಬಿಡ್ತಿದ್ದೆ. ಟೈರಾಡ್ ತಲೆ ಸಡಿಲ ಆಗಿತ್ತು. ಇವನು ಬದಲಿಸ್ತೇನೆ, ನಾಳೆ ಹೋಗು ಅಂದ. ನನಗೆ ತಂಗಿಯ ಮದುವೆಯ ಅರ್ಜೆಂಟು. ತಂತಿ ಕಟ್ಟು ಮಾರಾಯ, ನಿಧಾನ ಬಿಡ್ತೇನೆ ಅಂದೆ. ಕಟ್ಟಿದ. ಘಾಟಿ ಇಳಿಯುವಾಗ ತಿರುವಿನಲ್ಲಿ ತಂತಿ ತುಂಡಾಯ್ತು."

"ಮತ್ತೆ?"

"ಮತ್ತೆ ಎಂತದು. ನಾನು ಚಾ ಮಾಡ್ಲಿಕ್ಕೆ ಕಲಿತೆ." ಪಂಚೆ ಇಳಿಬಿಟ್ಟ. "ತಪ್ಪು ನನ್ನದೇ ಅಂತ ಏಳು ವರ್ಷದಿಂದ ಹೇಳ್ತಾ ಇದ್ದೇನೆ. ಅವನಿಗೆ ಕೇಳುವುದಿಲ್ಲ. ದಿನಾ ಬೆಳಿಗ್ಗೆ ನನ್ನ ಒಲೆಗೆ ಸೌದೆ ಒಡೆದು ಕೊಟ್ಟೇ ಗ್ಯಾರೇಜು ತೆಗೆಯುವುದು. ಈಗ ನೀವು ಅವನ ಹತ್ತಿರ ತಂತಿ ಅಂತ ಹೇಳ್ಬೇಡಿ."

ನಾನು ಹೇಳಲಿಲ್ಲ. ಹೇಳದೆ ಇರುವುದೂ ಒಂದು ಕೆಲಸವೆಂದು ಅಂದು ಗೊತ್ತಾಯಿತು. ಗಡಿಯಾರ ನೋಡಿದೆ, ನಾಲ್ಕು. ದೊಡ್ಡಮ್ಮನನ್ನು ನೋಡಿದೆ, ಜಪಸರದ ಮೇಲೆ ಬೆರಳು ಇನ್ನೂ ಚಲಿಸುತ್ತಿತ್ತು, ಆದರೆ ಒಂದು ಮಣಿಯಿಂದ ಇನ್ನೊಂದಕ್ಕೆ ಹೋಗಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು.

ಅವರೇ ಒಮ್ಮೆ ಕಣ್ಣು ತೆರೆದು ಹಾಜಬ್ಬನ ಒಣಗಿದ ತುಟಿ ಕಂಡರು. "ಪದ್ಮರಾಜ, ಆ ಮನುಷ್ಯನಿಗೆ ಒಂದು ಲೋಟ ನೀರಾದರೂ ಕೊಡಿಸು."

"ರಂಜಾನ್ ಅಲ್ವಾ ದೊಡ್ಡಮ್ಮ," ಎಂದಳು ವಿಮಲಾ. "ಅವರು ಕುಡಿಯುವ ಹಾಗಿಲ್ಲ."

"ಎಷ್ಟು ಹೊತ್ತಿನವರೆಗೆ?"

"ಸೂರ್ಯ ಮುಳುಗುವವರೆಗೆ ಅಮ್ಮ," ಎಂದ ಹಾಜಬ್ಬ.

ದೊಡ್ಡಮ್ಮ ಪಶ್ಚಿಮದ ಕಡೆ ನೋಡಿದರು. ಅದೇ ಸೂರ್ಯನಿಗೆ ಒಬ್ಬರು ಇರು ಎನ್ನುತ್ತಿದ್ದರು, ಇನ್ನೊಬ್ಬರಿಗೆ ಅವನು ಹೋಗಬೇಕಿತ್ತು. ನನಗೆ ಆ ಕ್ಷಣದಲ್ಲಿ ಬಂದ ಯೋಚನೆಯನ್ನು ಹೇಳಿಬಿಡುತ್ತೇನೆ, ನಾಚಿಕೆಯಾದರೂ ಚಿಂತೆಯಿಲ್ಲ: ಈತ ಬೇಕೆಂತಲೇ ತಡ ಮಾಡುತ್ತಿಲ್ಲ ತಾನೇ? ಹೊಟ್ಟೆ ಹಸಿದವನ ಮೇಲೆ ಹೊಟ್ಟೆ ತುಂಬಿದವನಿಗೆ ಬರುವ ಅನುಮಾನ. ಬೆಳಿಗ್ಗೆ ನಾನು ಆರು ಪುಂಡಿ ಕಡುಬು ತಿಂದು ಹೊರಟಿದ್ದೆ.

ನಾಲ್ಕೂಕಾಲಿಗೆ ಬುಶ್ಶು ಬೆಣ್ಣೆಯ ಹಾಗೆ ಕುಳಿತಿತು. ಹಾಜಬ್ಬ ಗ್ರೀಸಿನ ಡಬ್ಬಿ ತೆರೆದು, ಕೈ ತಡೆದು, ನನ್ನ ಕಡೆ ನೋಡಿದ. ನಾನು ದೊಡ್ಡಮ್ಮನ ಕಡೆ ನೋಡಿದೆ.

"ಅದಕ್ಕೆ ಎಂತ ಬೇಕೋ ಅದು ಹಾಕು," ಎಂದರು ಅವರು. "ಪಾಪ ಬಂದರೆ ಪದ್ಮರಾಜನಿಗೆ ಬರಲಿ."

ಮತ್ತೆ ಕೊಂಡಿ, ಮತ್ತೆ ಟೈರಾಡ್ ತಲೆಗಳು, ಒಂದೊಂದು ನಟ್ಟಿಗೂ ಅದು ಬಿಚ್ಚಿಕೊಳ್ಳದ ಹಾಗೆ ಪಿನ್ನು. ಎಲ್ಲ ಮುಗಿಯಿತೆಂದು ನಾನು ಸೀಟು ಎತ್ತಲು ಹೋದರೆ ಹಾಜಬ್ಬ ಒಂದು ದಾರದ ಉಂಡೆ ತೆಗೆದ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು, ಒಂದು ಕಣ್ಣು ಮುಚ್ಚಿ, ಚಕ್ರ ನೇರ ನಿಂತಿದೆಯೇ ಎಂದು ನೋಡತೊಡಗಿದ. ನಾನು ಹಲ್ಲು ಕಡಿಯುವ ಸದ್ದು ನನಗೇ ಕೇಳಿಸಿತು. ಎಡಕ್ಕೆ ಅರ್ಧ ಸುತ್ತು ಬಿಟ್ಟ. ಮತ್ತೆ ದಾರ. ಬಲಕ್ಕೆ ಕಾಲು ಸುತ್ತು ಬಿಗಿದ. ಮತ್ತೆ ದಾರ.

ಐದು ಹತ್ತಕ್ಕೆ ಹೊರಟೆವು. ಹಾಜಬ್ಬ ನಮ್ಮ ಜೊತೆ ಬರುತ್ತಾನೆಂದು ನಾನು ಎಣಿಸಿರಲಿಲ್ಲ. ನನ್ನದು ಮಿಲಿಟರಿ ಜೀಪು, ಸ್ಟೇರಿಂಗು ಎಡಗಡೆ. ಅವನು ಒಳಗೆ ಕುಳಿತುಕೊಳ್ಳದೆ ಬಲಗಡೆಯ ಮಡ್‌ಗಾರ್ಡಿನ ಮೇಲೆ ಹತ್ತಿ, ಒಂದು ಕೈಯಲ್ಲಿ ಗಾಜಿನ ಚೌಕಟ್ಟು, ಇನ್ನೊಂದು ಕೈಯಲ್ಲಿ ಸ್ಪಾನರು ಹಿಡಿದುಕೊಂಡು, ಕೆಳಗೆ ಬಗ್ಗಿ ಕುಳಿತ.

"ಅಲ್ಲಿ ಯಾಕೆ? ಬಿದ್ದರೆ?"

"ಬಲದ ತಲೆ ಹಳೆ ಜೀಪಿನದು. ನೋಡ್ತಾ ಇರಬೇಕು. ನೀವು ಬಿಡಿ."

ಬಿಟ್ಟೆ. ಡಾಮರು ಮುಗಿದು ಕೆಂಪು ಮಣ್ಣಿನ ದಾರಿ ಶುರುವಾಯಿತು. ಸ್ಟೇರಿಂಗು ಹೇಳಿದ ಕಡೆಗೆ ಜೀಪು ಹೋಗುತ್ತಿತ್ತು; ಐದು ವರ್ಷದಿಂದ ಅಭ್ಯಾಸ ತಪ್ಪಿದ್ದ ಆ ವಿಧೇಯತೆಗೆ ನಾನೇ ಹೆದರಿ ಮೊದಲ ತಿರುವಿನಲ್ಲಿ ಗದ್ದೆಬದುವಿನ ಕಟ್ಟಪುಣಿಗೆ ಹತ್ತಿಸುವುದರಲ್ಲಿದ್ದೆ. ಎಡಗಡೆ ಸೂರ್ಯ ತಾಳೆಮರಗಳ ಎತ್ತರಕ್ಕೆ ಇಳಿದಿದ್ದ. ಹಿಂದಿನಿಂದ ವಿಮಲಾ ಹೊತ್ತು ಹೊತ್ತಿಗೆ, "ದೊಡ್ಡಮ್ಮಾ, ದೊಡ್ಡಮ್ಮಾ," ಎನ್ನುತ್ತಿದ್ದಳು. ಪ್ರತಿ ಸಲ ಒಂದು ಹ್ಞೂಂ ಬರುತ್ತಿತ್ತು. ಆ ಹ್ಞೂಂ ಬರಲು ತೆಗೆದುಕೊಳ್ಳುವ ಸಮಯ ಹೆಚ್ಚುತ್ತಿತ್ತು.

ಸಿದ್ದಕಟ್ಟೆ ಕಳೆದು ಒಂದು ಇಳಿಜಾರು ಬಂತು. ನಡುವಿನಲ್ಲಿ ಹಾಜಬ್ಬ ಬಾನೆಟ್ಟಿಗೆ ಸ್ಪಾನರಿನಿಂದ ಬಡಿದ.

"ನಿಲ್ಲಿಸಿ."

"ಈಗ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ! ಆರು ಗಂಟೆ ಆಗ್ತಾ ಬಂತು!"

"ನಿಲ್ಲಿಸಿ ಬಲ್ಲಾಳ್ರೆ."

"ಹಾಜಬ್ಬ, ನಿನಗೆ ಕೈ ಮುಗೀತೇನೆ..."

ಹಿಂದಿನ ಸೀಟಿನಿಂದ, ಇಷ್ಟು ಹೊತ್ತು ಹ್ಞೂಂ ಎನ್ನಲೂ ಕಷ್ಟಪಡುತ್ತಿದ್ದ ದನಿ ಸ್ಪಷ್ಟವಾಗಿ ಬಂತು: "ನಿಲ್ಲಿಸು ಪದ್ಮರಾಜ. ಅವನಿಗೆ ಗೊತ್ತುಂಟು."

ನಿಲ್ಲಿಸಿದೆ. ಅವನು ಅಡಿಗೆ ಹೋದ. ನಾನು ಸ್ಟೇರಿಂಗಿನ ಮೇಲೆ ಹಣೆಯಿಟ್ಟೆ. ಐದು ನಿಮಿಷ. ಅದಕ್ಕಿಂತ ಉದ್ದದ ಐದು ನಿಮಿಷವನ್ನು ನಾನು ಮುಂದೆಯೂ ಕಂಡಿಲ್ಲ. ಹೊರಗೆ ಬಂದವನು ಅಂಗೈ ತೆರೆದು ತೋರಿಸಿದ. ಬಲದ ತಲೆಯ ಪಿನ್ನು, ಎರಡು ತುಂಡು. ನಟ್ಟು ಎರಡು ಎಳೆ ಮಾತ್ರ ಹಿಡಿದುಕೊಂಡಿತ್ತಂತೆ. ಬಿಗಿದು, ಎರಡು ಹೊಸ ಪಿನ್ನು ಹಾಕಿದ್ದ. ನಮ್ಮ ಮುಂದೆ ಇಳಿಜಾರಿನ ತುದಿಯಲ್ಲಿ ರಸ್ತೆ ಬಲಕ್ಕೆ ಮುರಿಯುತ್ತಿತ್ತು. ಮುರಿದ ಕಡೆ ಅಡ್ಡಗೋಡೆಯಿಲ್ಲ, ಕೆಳಗೆ ಕಲ್ಲಿನ ತೋಡು.

ಅವನು ಆಗಲೇ ಮಡ್‌ಗಾರ್ಡು ಹತ್ತಿದ್ದ. "ಬಿಡಿ," ಎಂದ. "ಈಗ ಸ್ವಲ್ಪ ಜೋರು ಬಿಡಿ."

ಹಾಗೆ ಹೇಳಬಾರದಿತ್ತು. ಆ ಮೇಲಿನ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಒಂದು ಎತ್ತಿನ ಗಾಡಿ ನನಗೆ ದಾರಿ ಕೊಟ್ಟಿತೋ, ನಾನು ಗದ್ದೆಗಿಳಿದು ಅದಕ್ಕೆ ದಾರಿ ಕೊಟ್ಟೆನೋ ತಿಳಿಯದು. ಮೂಡಬಿದಿರೆಯ ಜೈನಪೇಟೆಗೆ ನುಗ್ಗುವಾಗ ಮನೆಗಳ ಜಗಲಿಯಲ್ಲಿದ್ದವರು ಎದ್ದು ನಿಂತದ್ದು ಗೌರವಕ್ಕಲ್ಲ. ಬಸದಿಯ ಮುಂದೆ ಜೀಪು ನಿಂತಾಗ ಮಾನಸ್ತಂಭದ ತುದಿಯಲ್ಲಿ ಮಾತ್ರ ಬಿಸಿಲು ಉಳಿದಿತ್ತು.

ದೊಡ್ಡಮ್ಮನನ್ನು ಎತ್ತಿಕೊಳ್ಳಲು ಹೋದೆ. ಕೈ ತಳ್ಳಿದರು. ವಿಮಲಾಳನ್ನು ಹಿಡಿದುಕೊಂಡು, ಸಾವಿರ ಕಂಬಗಳಲ್ಲಿ ದಾರಿಗೆ ಸಿಕ್ಕಿದ ಒಂದೊಂದನ್ನೂ ಮುಟ್ಟಿ ನಿಂತು, ನಡೆದೇ ಒಳಗೆ ಹೋದರು. ನಾನು ಒಳಗೂ ಹೋಗದೆ ಹೊರಗೂ ನಿಲ್ಲದೆ, ಬಾಗಿಲಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಸೂರ್ಯನನ್ನು ಕಣ್ಣಿನಿಂದ ಹಿಡಿದು ನಿಲ್ಲಿಸಿಕೊಂಡಿದ್ದೆ. ಅಡಿಕೆಯಷ್ಟು ಉಳಿದಿದ್ದ. ಒಳಗೆ ಘಂಟೆ ಮೊಳಗಿತು. ಆಮೇಲೆ, ತಾಮ್ರದ ಲೋಟವನ್ನು ಕಲ್ಲಿನ ಮೇಲೆ ಇಟ್ಟ ಸದ್ದು. ಬರಿದಾದ ಲೋಟದ ಸದ್ದು.

ಮತ್ತೆ ಪಶ್ಚಿಮಕ್ಕೆ ನೋಡಿದೆ. ಸೂರ್ಯ ಇರಲಿಲ್ಲ.

ಹಾಜಬ್ಬ ಜೀಪಿನ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಆಕಾಶ ನೋಡುತ್ತಿದ್ದ. ವಿಮಲಾ ಬಾವಿಯ ನೀರೂ ಎರಡು ಬಾಳೆಹಣ್ಣೂ ತಂದುಕೊಟ್ಟಳು. ಬಿಸ್ಮಿಲ್ಲಾ ಎಂದು ಒಂದೇ ಗುಟುಕಿಗೆ ಕುಡಿದ. ಲೋಟವನ್ನು ಮತ್ತೆ ಮುಂದೆ ಚಾಚಿದ.

ದೊಡ್ಡಮ್ಮ ಹೊರಗೆ ಬಂದು ಜಗಲಿಯ ಮೆಟ್ಟಿಲಿನಲ್ಲಿ ಕುಳಿತರು. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು, ನಾಲಗೆಗೆ ಪೂರ್ತಿ ಬಂದಿತ್ತು.

"ಹಾಜಬ್ಬ," ಎಂದರು. "ನಿಜ ಹೇಳು. ದಾರಿಯುದ್ದಕ್ಕೂ ತಲೆ ಬಗ್ಗಿಸಿ ಎಂತ ಬೇಡಿಕೊಳ್ತಾ ಇದ್ದದ್ದು? ಸೂರ್ಯ ಬೇಗ ಮುಳುಗಲಿ ಅಂತಲಾ, ನಿಧಾನ ಮುಳುಗಲಿ ಅಂತಲಾ?"

ಹಾಜಬ್ಬ ಬಾಳೆಹಣ್ಣಿನ ಸಿಪ್ಪೆಯನ್ನು ನೀಟಾಗಿ ಮಡಿಸಿದ.

"ನಾನು ಬಲದ ಚಕ್ರ ನೋಡ್ತಾ ಇದ್ದೆ ಅಮ್ಮ."